ಖಾಲಾ ನಿನ್ನನ್ನು ಕೇಳಿದಳು

ಕಳೆದ ತಿಂಗಳು ನಮ್ಮ ವಿಭಾಗದಲ್ಲಿ ನನ್ನ ಪ್ರಬಂಧದ ಒಂದು ಅಧ್ಯಾಯ ಮಂಡಿಸಿದೆ. ಇಮಾಮ್ ಗಝಾಲಿ ಮಾತಿನ ನೀತಿಯ ಬಗ್ಗೆ ಬರೆದದ್ದು ನನ್ನ ಸಂಶೋಧನೆಯ ವಿಷಯ. ಎಲ್ಲ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಎಂ.ಎ. ಮೊದಲ ವರ್ಷದ ಹುಡುಗನೊಬ್ಬ ಹತ್ತಿರ ಬಂದ. ಸ್ವಲ್ಪ ಹಿಂಜರಿಯುತ್ತಲೇ ಕೇಳಿದ: “ಅಕ್ಕಾ, ನಿಮ್ಮಲ್ಲಿ ಸುಳ್ಳು ಹೇಳೋಕೆ ಪರ್ಮಿಶನ್ ಇದೆಯಂತೆ, ಹೌದಾ? ವಾಟ್ಸಾಪಿನಲ್ಲಿ ಬಂದಿತ್ತು.”

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಕಷ್ಟವಾಯಿತು. ಕುಹಕವಿದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. “ಇಲ್ಲಪ್ಪ, ಹಾಗೇನೂ ಇಲ್ಲ” ಅಂದೆ. ಅವನು ನಂಬಿದ, ಥ್ಯಾಂಕ್ಸ್ ಹೇಳಿ ಹೋದ. ಲೋಟ ಕೆಳಗಿಡುವಷ್ಟರಲ್ಲಿ ನನಗೇ ಇರಿಸುಮುರಿಸಾಯಿತು. ಸುಳ್ಳಿನ ಬಗ್ಗೆ ನಲವತ್ತು ನಿಮಿಷ ಮಾತಾಡಿ ಬಂದವಳು, ಸುಳ್ಳಿನ ಬಗ್ಗೆಯೇ ಕೇಳಿದ ಪ್ರಶ್ನೆಗೆ ಪೂರ್ತಿ ನಿಜವಲ್ಲದ ಉತ್ತರ ಕೊಟ್ಟಿದ್ದೆ.

ಪೂರ್ತಿ ನಿಜ ಹೇಳಬೇಕೆಂದರೆ ನನ್ನ ಅಮ್ಮಿ ಮತ್ತು ಖಾಲಾಳ ಕಥೆಯನ್ನೂ ಹೇಳಬೇಕಿತ್ತು. ಅದು ಒಂದು ಚಹಾದಲ್ಲಿ ಮುಗಿಯುವಂಥದ್ದಲ್ಲ.

ನಾನು ಬೆಳೆದದ್ದು ಹರಿಹರದಲ್ಲಿ. ನನಗೆ ಸುಳ್ಳಿನ ಬಗ್ಗೆ ಮೊದಲ ಪಾಠ ಹೇಳಿದವಳು ನಾನಿ, ಅಮ್ಮಿಯ ತಾಯಿ. ಅಂಗಳದಲ್ಲಿ ಆಡುತ್ತಿದ್ದ ನಮ್ಮನ್ನು ಒಳಗೆ ಕರೆಯಬೇಕಾದಾಗ ಪಕ್ಕದ ಮನೆಯವರೆಲ್ಲ ಮುಷ್ಟಿ ಮಡಚಿ “ಬಾ ಬಾ, ಏನೋ ಕೊಡ್ತೀನಿ” ಅನ್ನುತ್ತಿದ್ದರು. ಹೋದರೆ ಮುಷ್ಟಿ ಖಾಲಿ. ನಾನಿಯ ಮುಷ್ಟಿಯಲ್ಲಿ ಮಾತ್ರ ಯಾವಾಗಲೂ ಒಂದು ಚೂರು ಬೆಲ್ಲವೋ ನಾಲ್ಕು ಕಾಳು ಹುರಿಗಡಲೆಯೋ ಇರುತ್ತಿತ್ತು. ಏನೂ ಇಲ್ಲದಿದ್ದರೆ ಅವಳು ಮುಷ್ಟಿ ಮಡಚುತ್ತಲೇ ಇರಲಿಲ್ಲ, ಬೈದು ಕರೆಯುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಅಬೂ ದಾವೂದರ ಹದೀಸ್ ಸಂಗ್ರಹ ಓದುವಾಗ ನಾನಿಯ ಮುಷ್ಟಿ ಅಲ್ಲಿ ಸಿಕ್ಕಿತು. ಪ್ರವಾದಿ ಮುಹಮ್ಮದರು ಒಂದು ಮನೆಯಲ್ಲಿ ಕೂತಿದ್ದಾಗ ಆ ಮನೆಯ ತಾಯಿ ಮಗುವನ್ನು ಏನೋ ಕೊಡುತ್ತೇನೆಂದು ಕರೆಯುತ್ತಾಳೆ. ಏನು ಕೊಡಬೇಕೆಂದಿದ್ದೆ ಎಂದು ಪ್ರವಾದಿಯವರು ವಿಚಾರಿಸುತ್ತಾರೆ. ಖರ್ಜೂರ ಎನ್ನುತ್ತಾಳೆ ಆಕೆ. ಹಾಗೆ ಕರೆದು ಏನೂ ಕೊಡದೆ ಹೋಗಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಅವರು ತಿಳಿಸುತ್ತಾರೆ. ನಾನಿಗೆ ಅಬೂ ದಾವೂದರ ಹೆಸರು ಗೊತ್ತಿರಲಿಲ್ಲ, ಆದರೆ ಮುಷ್ಟಿಯ ವಿಷಯ ಗೊತ್ತಿತ್ತು.

ಇಂಥ ಸಣ್ಣಸಣ್ಣ ಪ್ರಸಂಗಗಳು ಹದೀಸುಗಳಲ್ಲಿ ಹಲವಿವೆ. ಒಂದು ಮದುವೆಮನೆಯಲ್ಲಿ ಹೆಂಗಸರಿಗೆ ಹಾಲು ಕೊಡುತ್ತಾರೆ. ಹಸಿವಿದ್ದರೂ ಸಂಕೋಚದಿಂದ ಬೇಡವೆನ್ನುತ್ತಾರೆ ಅವರು. ಹಸಿವಿನ ಜೊತೆ ಸುಳ್ಳನ್ನೂ ಸೇರಿಸಬೇಡಿ ಎಂಬ ಅರ್ಥದ ಮಾತು ಬರುತ್ತದೆ. ಒಬ್ಬಾಕೆ ಕೇಳುತ್ತಾಳೆ, ಇದನ್ನೂ ಸುಳ್ಳೆಂದು ಎಣಿಸುತ್ತಾರೆಯೇ? ಹೌದು, ಸಣ್ಣ ಸುಳ್ಳು ಸಣ್ಣ ಸುಳ್ಳಾಗಿಯೇ ದಾಖಲಾಗುತ್ತದೆ. “ಊಟ ಆಯ್ತಾ?” ಎಂದರೆ ಹೊಟ್ಟೆ ಚುರುಗುಟ್ಟುತ್ತಿದ್ದರೂ “ಆಯ್ತು ಆಯ್ತು” ಎನ್ನುವ ನಮಗೆ ಇದು ತೀರಾ ಬಿಗಿ ಅನ್ನಿಸೀತು. ನಗಿಸುವುದಕ್ಕೆಂದು ಸುಳ್ಳು ಹೇಳುವವನಿಗೂ ಎಚ್ಚರಿಕೆಯಿದೆ. ಮಾತಾಡಿದರೆ ಸುಳ್ಳು, ಮಾತು ಕೊಟ್ಟರೆ ತಪ್ಪುವುದು, ನಂಬಿ ಒಪ್ಪಿಸಿದರೆ ದ್ರೋಹ, ಈ ಮೂರು ಕಪಟಿಯ ಗುರುತುಗಳು. ಹೀಗಿರುವಾಗ ಆ ಹುಡುಗನಿಗೆ ನಾನು ಹೇಳಿದ “ಇಲ್ಲಪ್ಪ”ದಲ್ಲಿ ಮುಕ್ಕಾಲು ಪಾಲು ನಿಜವೇ ಇತ್ತು.

ಉಳಿದ ಕಾಲು ಪಾಲು ಉಮ್ಮು ಕುಲ್ಸೂಮ್ ಎಂಬ ಹೆಂಗಸಿನಿಂದ ಬಂದದ್ದು. ಆಕೆಯ ತಂದೆ ಉಕ್ಬಾ ಮಕ್ಕಾದಲ್ಲಿ ಪ್ರವಾದಿಯವರನ್ನು ಅತ್ಯಂತ ಕಟುವಾಗಿ ವಿರೋಧಿಸಿದವರಲ್ಲೊಬ್ಬ. ಹುದೈಬಿಯಾ ಒಪ್ಪಂದದ ನಂತರ ಆಕೆ ಮನೆಯವರನ್ನು ಬಿಟ್ಟು ಮದೀನಾಕ್ಕೆ ಹೊರಟುಬಂದಳು. ಇಬ್ಬರು ಅಣ್ಣತಮ್ಮಂದಿರು ಬೆನ್ನಟ್ಟಿ ಬಂದು ಅವಳನ್ನು ವಾಪಸು ಕಳಿಸಿಕೊಡಿ ಎಂದು ಕೇಳಿದರು. ಕಳಿಸಲಿಲ್ಲ. ಸ್ವಂತ ಮನೆಯಿಂದ ಹೀಗೆ ಕಡಿದುಕೊಂಡು ಬಂದ ಹೆಂಗಸೇ, ಮುರಿದ ಸಂಬಂಧ ಕೂಡಿಸುವ ಮಾತಿನ ಬಗೆಗಿನ ಹದೀಸನ್ನು ನಮಗೆ ದಾಟಿಸಿದವಳು. ಜನರ ನಡುವೆ ರಾಜಿ ಮಾಡಿಸುತ್ತ ಒಳ್ಳೆಯ ಮಾತನ್ನು ಇತ್ತಿಂದತ್ತ ಒಯ್ಯುವವನು ಸುಳ್ಳುಗಾರನಲ್ಲ ಎಂಬುದು ಅದರ ತಾತ್ಪರ್ಯ. ಇದರ ಜೊತೆಯಲ್ಲೇ ರಿಯಾಯಿತಿಯ ಮೂರು ಸಂದರ್ಭಗಳ ಮಾತು ಬರುತ್ತದೆ: ಯುದ್ಧ, ರಾಜಿ, ಗಂಡಹೆಂಡಿರ ನಡುವಿನ ಮಾತು.

ಇಲ್ಲಿ ‘ಒಯ್ಯುವುದು’ ಎಂಬುದಕ್ಕೆ ಅರಬ್ಬಿಯಲ್ಲಿ ಬರುವ ಕ್ರಿಯಾಪದ ‘ನಮಾ’. ಇದರ ‘ಮ’ಕ್ಕೆ ಒಂದು ಒತ್ತು ಕೊಟ್ಟು ‘ನಮ್ಮಾ’ ಎಂದರೆ ಅರ್ಥ ತಿರುಗಿಬೀಳುತ್ತದೆ, ಕೆಟ್ಟದ್ದನ್ನು ಒಯ್ದು ಹಚ್ಚುವುದು ಎಂದಾಗುತ್ತದೆ ಎಂದು ಹಳೆಯ ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಒತ್ತಕ್ಷರ ತಪ್ಪಿ ಬರೆದು ಮೇಷ್ಟರ ಹತ್ತಿರ ಬೈಸಿಕೊಂಡ ಕನ್ನಡ ಶಾಲೆಯ ಹುಡುಗಿಗೆ ಇದನ್ನು ಓದಿ ಖುಷಿಯಾಗಿತ್ತು. ಕೆಟ್ಟ ಮಾತು ಒಯ್ಯುವುದಕ್ಕೆ ಕನ್ನಡದಲ್ಲಿ ‘ಚಾಡಿ’ ಎಂಬ ಗಟ್ಟಿ ಶಬ್ದವಿದೆ. ಒಳ್ಳೆಯ ಮಾತು ಒಯ್ಯುವುದಕ್ಕೆ ಅಂಥದ್ದೇ ಒಂದು ಶಬ್ದ ಹುಡುಕುತ್ತ ನಾನು ಎಷ್ಟೋ ದಿನ ತಲೆಕೆಡಿಸಿಕೊಂಡೆ.

ಇಷ್ಟನ್ನೆಲ್ಲ ನಾನು ಓದಿದ್ದು ಆಮೇಲೆ. ಅದಕ್ಕೂ ಮುಂಚೆಯೇ ಆ ಕೆಲಸ ಮಾಡಿಬಿಟ್ಟಿದ್ದೆ.

ನಾನಿ ಹೋದ ಮೇಲೆ ಅಮ್ಮಿಗೂ ಖಾಲಾಳಿಗೂ ಮಾತು ನಿಂತಿತು. ಖಾಲಾ ಅಮ್ಮಿಯ ಬೆನ್ನಿಗೆ ಹುಟ್ಟಿದ ತಂಗಿ, ಇರುವುದು ರಾಣೇಬೆನ್ನೂರಿನಲ್ಲಿ. ಜಗಳ ಎರಡು ಚಿನ್ನದ ಬಳೆಯದು. ಕೊನೆಯ ಎರಡು ವರ್ಷ ನಾನಿಯ ಉಚ್ಚೆ ಹೇಲು ಬಳಿದವಳು ಅಮ್ಮಿ. ಕೊನೆಯ ವಾರ ನೋಡಲು ಬಂದ ಖಾಲಾಳ ಕೈಗೆ ನಾನಿ ತನ್ನ ಬಳೆ ಬಿಚ್ಚಿ ಹಾಕಿದಳಂತೆ. ಹಾಕಿದಳೋ, ಖಾಲಾ ಕೇಳಿ ಹಾಕಿಸಿಕೊಂಡಳೋ, ಆ ಹೊತ್ತಿನಲ್ಲಿ ನಾನಿಗೆ ತಾನು ಏನು ಮಾಡುತ್ತಿದ್ದೇನೆಂಬ ಅರಿವಿತ್ತೋ ಇಲ್ಲವೋ, ಇದರ ಸುತ್ತಲೇ ಎಲ್ಲ ಮಾತು. ಅಮ್ಮಿಗೆ ಬಳೆ ಬೇಕಿರಲಿಲ್ಲ. “ಒಂದು ಮಾತು ಕೇಳಬೇಕಿತ್ತು” ಅನ್ನುತ್ತಿದ್ದಳು. ಹರಿಹರಕ್ಕೂ ರಾಣೇಬೆನ್ನೂರಿಗೂ ನಡುವೆ ಒಂದು ತುಂಗಭದ್ರೆ, ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಆ ದಾರಿಯಲ್ಲಿ ನಾಲ್ಕು ವರ್ಷ ಇಬ್ಬರೂ ಓಡಾಡಲಿಲ್ಲ.

ಮೂರು ವರ್ಷದ ಹಿಂದೆ ರಂಜಾನ್ ಹಬ್ಬದ ಮಾರನೇ ದಿನ ನಾನೊಬ್ಬಳೇ ಖಾಲಾಳ ಮನೆಗೆ ಹೋದೆ. ಅವಳು ಶೀರ್ ಖುರ್ಮಾ ಕೊಟ್ಟಳು, ನನ್ನ ಫೆಲೋಶಿಪ್ ಬಂತಾ ಎಂದು ಕೇಳಿದಳು, ಮದುವೆ ಯಾವಾಗ ಎಂದು ಕೇಳಿದಳು. ಅಮ್ಮಿಯ ಬಗ್ಗೆ ಒಂದೇ ಒಂದು ಮಾತು ಕೇಳಲಿಲ್ಲ. ಸಂಜೆ ವಾಪಸು ಬಂದಾಗ ಅಮ್ಮಿ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಅವಳೂ ತಂಗಿಯ ಬಗ್ಗೆ ಕೇಳಲಿಲ್ಲ. “ಅಲ್ಲಿ ಏನು ಅಡುಗೆ ಮಾಡಿದ್ರು?” ಅಂದಳು. ಬಿರಿಯಾನಿ ಅಂದೆ. ಅವಳು ಮತ್ತೇನೋ ಕಾಯುತ್ತಿದ್ದಾಳೆ ಎಂಬುದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಮೊದಲೇ ಯೋಚಿಸಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು: “ಖಾಲಾ ನಿನ್ನನ್ನು ಕೇಳಿದಳು. ಮಂಡಿನೋವು ಹೇಗಿದೆ ಅಂತ.”

ನೀರಿನಲ್ಲಿದ್ದ ಅಮ್ಮಿಯ ಕೈ ನಿಂತಿತು. “ಹೂಂ” ಅಂದಳು. ಆಮೇಲೆ ಅದೇ ಅಕ್ಕಿಯನ್ನು ಇನ್ನೊಂದು ಸಲ ತೊಳೆದಳು.

ಒಂದು ತಿಂಗಳ ಮೇಲೆ ನಾನು ಊರಿಗೆ ಹೋದಾಗ ಅಮ್ಮಿ ನಿಂಬೆ ಉಪ್ಪಿನಕಾಯಿಯ ಬಾಟಲಿಯೊಂದನ್ನು ಮುಂದಿಟ್ಟು, “ಮನೇಲಿ ಇದ್ದರೆ ಹಾಳಾಗುತ್ತೆ, ಬೇಕಾದರೆ ಅವಳಿಗೆ ಕೊಟ್ಟು ಬಾ” ಎಂದಳು. ಒಯ್ದೆ. ಖಾಲಾ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. “ಅಮ್ಮಾನ ಕೈ ರುಚಿ ಇವಳಿಗೇ ಬಂದಿದೆ” ಎಂದಳು. ಈ ಮಾತನ್ನು ನಾನು ಒಂದಕ್ಷರ ಬದಲಿಸದೆ ಅಮ್ಮಿಗೆ ತಲುಪಿಸಿದೆ, ಬದಲಿಸುವ ಅಗತ್ಯವೇ ಇರಲಿಲ್ಲ. ಮುಂದಿನ ವಾರ ಅಮ್ಮಿಯೇ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಎರಡು ಮಾತಾದ ಮೇಲೆ ಅಮ್ಮಿ ಅಂದಳು: “ಹಬ್ಬಕ್ಕೆ ನನ್ನ ಮಂಡಿನೋವು ಕೇಳಿದ್ದೆಯಂತೆ.”

ಖಾಲಾಳಿಗೆ ಅಮ್ಮಿಯ ಮಂಡಿನೋವಿನ ವಿಷಯವೇ ಗೊತ್ತಿರಲಿಲ್ಲ. ನೋವು ಶುರುವಾದದ್ದು ಮಾತು ನಿಂತ ಮೇಲೆ. ನನ್ನ ಎದೆ ಢವಗುಟ್ಟಿತು. ಆ ಕಡೆ ಒಂದು ಕ್ಷಣ ಸದ್ದಿರಲಿಲ್ಲ. ಆಮೇಲೆ ಖಾಲಾ ಅಂದದ್ದು ಫೋನಿನಾಚೆಯಿಂದ ನನಗೂ ಕೇಳಿತು: “ಹೂಂ ಆಪಾ, ಕೇಳಿದ್ದೆ. ಈಗ ಹೇಗಿದೆ?”

ನನ್ನದು ಒಂದು ಸುಳ್ಳು, ಖಾಲಾಳದು ಇನ್ನೊಂದು. ಇವೆರಡರ ಮೇಲೆ ನಾಲ್ಕು ವರ್ಷದ ಮೌನ ಮುರಿಯಿತು. ಅವತ್ತು ನನಗೆ ಆದಷ್ಟು ಸಂತೋಷ ಫೆಲೋಶಿಪ್ ಬಂದ ದಿನವೂ ಆಗಿರಲಿಲ್ಲ.

ಆಮೇಲೆ ಗಝಾಲಿಯನ್ನು ಓದತೊಡಗಿದೆ. ಮದರಸಾದಲ್ಲಿ ಕಲಿತ ಅರಬ್ಬಿ ನನಗೆ ಗಟ್ಟಿಯಾಗಿ ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಇಪ್ಪತ್ತು ದಾಟಿದ ಮೇಲೆ ವ್ಯಾಕರಣ ಕಲಿತೆ. ಅವರ ‘ಇಹ್ಯಾ’ ಗ್ರಂಥದಲ್ಲಿ 40 ಭಾಗಗಳು, 24ನೆಯದು ನಾಲಗೆಯ ಆಪತ್ತುಗಳ ಬಗ್ಗೆ. ಒಟ್ಟು 20 ಆಪತ್ತುಗಳಲ್ಲಿ 14ನೆಯದು ಸುಳ್ಳು, 15ನೆಯದು ಬೆನ್ನಹಿಂದಿನ ನಿಂದೆ, 16ನೆಯದು ಚಾಡಿ. ಸುಳ್ಳಿನ ಭಾಗಕ್ಕೆ ಬಂದಾಗ ನನ್ನದೇ ಮೊಕದ್ದಮೆಯ ಕಡತ ತೆರೆದಂತಾಯಿತು.

ಗಝಾಲಿಯ ವಾದ ಸರಳ. ಮಾತು ಒಂದು ಸಾಧನ. ಒಳ್ಳೆಯ ಉದ್ದೇಶವೊಂದು ನಿಜದಿಂದಲೂ ಈಡೇರುತ್ತದೆ ಎಂದಾದರೆ ಅದಕ್ಕಾಗಿ ಸುಳ್ಳು ಹೇಳುವುದು ನಿಷಿದ್ಧ. ಸುಳ್ಳಿನಿಂದ ಮಾತ್ರ ಸಾಧ್ಯವೆಂದಾದರೆ, ಉದ್ದೇಶ ಎಂಥದ್ದೋ ಸುಳ್ಳಿನ ದರ್ಜೆಯೂ ಅಂಥದ್ದು. ಅನುಮತಿ ಇರುವ ಉದ್ದೇಶವಾದರೆ ಸುಳ್ಳಿಗೂ ಅನುಮತಿ, ಕಡ್ಡಾಯವಾದರೆ ಸುಳ್ಳೂ ಕಡ್ಡಾಯ. ಕೊಲ್ಲಲು ಬಂದ ದುಷ್ಟನಿಂದ ತಪ್ಪಿಸಿಕೊಂಡು ನಿರಪರಾಧಿಯೊಬ್ಬ ಅಡಗಿದ್ದಾನೆ, ಅವನೆಲ್ಲಿ ಎಂದು ನಿಮ್ಮನ್ನು ಕೇಳಿದರೆ ಸುಳ್ಳು ಹೇಳಲೇಬೇಕು.

ಈ ಉದಾಹರಣೆ ನಮಗೆ ಹೊಸದಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಕೌಶಿಕ, ದರೋಡೆಕೋರರಿಗೆ ಹೆದರಿ ಕಾಡಿನಲ್ಲಿ ಅಡಗಿದವರ ಜಾಗವನ್ನು ಅದೇ ದರೋಡೆಕೋರರಿಗೆ ತೋರಿಸಿಕೊಟ್ಟ. ಅಡಗಿದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಇದಕ್ಕೆ ತದ್ವಿರುದ್ಧವಾಗಿ ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರ ಒಂದು ಪುಟ್ಟ ಪ್ರಬಂಧದಲ್ಲಿ, ಬಾಗಿಲಿಗೆ ಬಂದ ಕೊಲೆಗಾರನಿಗೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದು ವಾದಿಸಿದ. ಒಂದೇ ಬಾಗಿಲು, ಒಂದೇ ಪ್ರಶ್ನೆ. ಕೃಷ್ಣನೂ ಗಝಾಲಿಯೂ ಒಂದು ಕಡೆ, ಕಾಂಟ್ ಇನ್ನೊಂದು ಕಡೆ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಎಂಬ ಗಾದೆಯ ನಾಡಿನವರಾದ ನಾವು ಯಾವ ಕಡೆ ಎಂದು ಹೇಳಬೇಕಾಗಿಲ್ಲ. ಸುಳ್ಳಿಗೆ ರಿಯಾಯಿತಿ ಕೊಟ್ಟ ಪರಂಪರೆ ಒಂದೇ ಎಂದುಕೊಂಡಿರುವ ವಾಟ್ಸಾಪಿಗೆ ಇದು ಗೊತ್ತಿಲ್ಲ.

ರಿಯಾಯಿತಿಯ ಅಂಚುಗಳು ಎಲ್ಲಿವೆ ಎನ್ನುವುದರ ಮೇಲೆಯೇ ಪಂಡಿತರ ಕಣ್ಣು. ಯುದ್ಧದಲ್ಲಿ ಶತ್ರುವಿನ ದಿಕ್ಕು ತಪ್ಪಿಸಬಹುದು, ಕೊಟ್ಟ ಮಾತು ಮುರಿಯುವ ಹಾಗಿಲ್ಲ. ಬದ್ರ್ ಯುದ್ಧದ ಸಮಯದಲ್ಲಿ ಹುದೈಫಾ ಎಂಬ ಅನುಯಾಯಿ ದಾರಿಯಲ್ಲಿ ಮಕ್ಕಾದವರ ಕೈಗೆ ಸಿಕ್ಕಿಬಿದ್ದು, ನಿಮ್ಮ ವಿರುದ್ಧ ಹೋರಾಡುವುದಿಲ್ಲ ಎಂದು ಮಾತು ಕೊಟ್ಟು ಬಿಡಿಸಿಕೊಂಡು ಬಂದ. ಪ್ರವಾದಿಯವರ ಕಡೆ ಜನ ಕಡಿಮೆಯಿದ್ದರು, ಒಬ್ಬೊಬ್ಬನೂ ಬೇಕಾಗಿದ್ದ ಹೊತ್ತು. ಆದರೂ ಕೊಟ್ಟ ಮಾತು ಉಳಿಸಿಕೋ ಎಂದು ಅವನನ್ನು ಯುದ್ಧದಿಂದ ಹೊರಗಿಟ್ಟರು. ಇನ್ನು ಗಂಡಹೆಂಡಿರ ವಿಷಯ. ಪ್ರೀತಿ ತೋರಿಸುವ ಮಾತಿಗೆ, ಮನಸ್ಸು ಸಮಾಧಾನ ಮಾಡುವ ಮಾತಿಗೆ ಮಾತ್ರ ಇದು ಅನ್ವಯ, ಒಬ್ಬರ ಹಕ್ಕನ್ನು ಇನ್ನೊಬ್ಬರು ಕಸಿಯಲು ಆಡುವ ಸುಳ್ಳು ಎಲ್ಲರ ಮತದಲ್ಲೂ ನಿಷಿದ್ಧ ಎಂದು 13ನೇ ಶತಮಾನದ ನವವಿ ಸ್ಪಷ್ಟಪಡಿಸುತ್ತಾರೆ. ತಬರಿಯಂಥ ಕೆಲವರು ಇನ್ನೂ ಬಿಗಿ. ಯಾವ ಸಂದರ್ಭದಲ್ಲೂ ನೇರ ಸುಳ್ಳಿಗೆ ಅನುಮತಿಯಿಲ್ಲ, ಹೆಚ್ಚೆಂದರೆ ಎರಡರ್ಥದ ಮಾತಾಡಬಹುದು ಎಂಬುದು ಅವರ ಪಕ್ಷ.

ಎರಡರ್ಥದ ಮಾತಿನ ಕಥೆಗಳನ್ನು ಗಝಾಲಿ ಸ್ವಾರಸ್ಯವಾಗಿ ಹೇಳುತ್ತಾರೆ. ಕೂಫಾದ ವಿದ್ವಾಂಸ ಶಅಬಿಗೆ ಕೆಲವರನ್ನು ಭೇಟಿಯಾಗುವುದು ಬೇಡವಾಗಿರುತ್ತಿತ್ತು. ಆಗ ನೆಲದ ಮೇಲೊಂದು ವೃತ್ತ ಎಳೆದು, ಅದರೊಳಗೆ ಬೆರಳಿಟ್ಟು ‘ಇಲ್ಲಿಲ್ಲ’ ಎನ್ನು ಎಂದು ಮನೆಗೆಲಸದವಳಿಗೆ ಹೇಳಿಕೊಡುತ್ತಿದ್ದರಂತೆ. ಇನ್ನೊಂದು ಕಥೆ ಮುಆಝ್ ಅವರದು. ಖಲೀಫ ಉಮರ್ ಒಪ್ಪಿಸಿದ ಸರ್ಕಾರಿ ಕೆಲಸ ಮುಗಿಸಿ ಬರಿಗೈಲಿ ಮನೆಗೆ ಬಂದರು. ಎಲ್ಲರೂ ಮನೆಯವರಿಗೆ ಏನಾದರೂ ತರುತ್ತಾರೆ, ನೀವೇನು ತಂದಿರಿ ಎಂದು ಹೆಂಡತಿ ಕೇಳಿದಳು. ನನ್ನ ಮೇಲೆ ಕಾವಲಿತ್ತು ಎಂದರು ಮುಆಝ್. ಅವರ ಮನಸ್ಸಿನಲ್ಲಿದ್ದ ಕಾವಲುಗಾರ ದೇವರು. ಹೆಂಡತಿಗೆ ಕಂಡದ್ದು ಉಮರ್. ನನ್ನ ಗಂಡನನ್ನೇ ನಂಬದೆ ಕಾವಲು ಹಾಕಿದ್ದಾರೆ ಎಂದು ಅವಳು ನೆರೆಹೊರೆಯಲ್ಲೆಲ್ಲ ದೂರಿದಳು. ಸುದ್ದಿ ಉಮರ್ ಕಿವಿಗೂ ಬಿತ್ತು. ವಿಚಾರಿಸಿದಾಗ ಹೆಂಡತಿಗೆ ಹೇಳಲು ಬೇರೆ ನೆಪ ತೋಚಲಿಲ್ಲ ಎಂದರು ಮುಆಝ್. ಉಮರ್ ನಕ್ಕು, ಅವಳನ್ನು ಸಮಾಧಾನಪಡಿಸು ಎಂದು ಏನನ್ನೋ ಕೊಟ್ಟು ಕಳಿಸಿದರು. ನಗುವ ಕಥೆಯೇ. ಆದರೆ ಇಂಥ ಮಾತೂ ಅಗತ್ಯವಿದ್ದಾಗ ಮಾತ್ರ ಎನ್ನುತ್ತಾರೆ ಗಝಾಲಿ. ಶಬ್ದದಲ್ಲಿ ಸುಳ್ಳಿಲ್ಲದಿದ್ದರೂ ಕೇಳುವವರ ಮನಸ್ಸಿನಲ್ಲಿ ಸುಳ್ಳು ಕೂರುತ್ತದಲ್ಲ.

ಸ್ವತಃ ಗಝಾಲಿಯೂ ಇದರಿಂದ ಹೊರಗಿರಲಿಲ್ಲ. 1095ರಲ್ಲಿ ಬಾಗ್ದಾದಿನ ಪ್ರತಿಷ್ಠಿತ ಪ್ರಾಧ್ಯಾಪಕ ಹುದ್ದೆ ಬಿಟ್ಟು ಹೊರಟಾಗ ಎಲ್ಲರಿಗೂ ಮಕ್ಕಾಕ್ಕೆ ಹೋಗುತ್ತೇನೆ ಎಂದರು. ಒಳಗೊಳಗೆ ಸಿರಿಯಾಕ್ಕೆ ಹೋಗಿ ನೆಲೆಸುವ ಯೋಚನೆಯಿತ್ತು. ನಿಜ ತಿಳಿದರೆ ಖಲೀಫ ಮತ್ತು ಗೆಳೆಯರು ತಡೆಯುತ್ತಾರೆಂಬ ಭಯ. ಇದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಸುಳ್ಳಿನ ಮೇಲೆ ಇಷ್ಟು ಸೂಕ್ಷ್ಮವಾಗಿ ಬರೆದ ಮನುಷ್ಯ ತನ್ನದನ್ನು ಮುಚ್ಚಿಡಲಿಲ್ಲ ಎಂಬುದೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿಸಿತು.

ಆ ಹುಡುಗನ ವಾಟ್ಸಾಪ್ ಸಂದೇಶದಲ್ಲಿ ಒಂದು ಅರಬ್ಬಿ ಶಬ್ದವೂ ಇದ್ದಿರಬೇಕು, ‘ತಕಿಯ್ಯಾ’. ಮುಸ್ಲಿಮರ ಮಾತನ್ನು ನಂಬಬೇಡಿ ಎನ್ನುವವರಿಗೆ ಇದು ಇಷ್ಟದ ಶಬ್ದ. ಅದರ ಹಿಂದಿನ ಪ್ರಸಂಗ ಹೀಗಿದೆ. ಮಕ್ಕಾದ ಆರಂಭದ ದಿನಗಳಲ್ಲಿ ಅಮ್ಮಾರ್ ಎಂಬ ಯುವಕನ ಕುಟುಂಬವನ್ನು ನಂಬಿಕೆಯ ಕಾರಣಕ್ಕೆ ಹಿಂಸಿಸಿದರು. ತಾಯಿ ಸುಮಯ್ಯಾ ಕೊಲೆಯಾದಳು, ತಂದೆ ಯಾಸಿರ್ ಸತ್ತ. ಹಿಂಸೆ ತಾಳಲಾರದೆ ಅಮ್ಮಾರ್ ಅವರು ಹೇಳಿಸಿದ್ದನ್ನು ಹೇಳಿ, ತನ್ನ ನಂಬಿಕೆಯನ್ನೇ ನಿಂದಿಸಿ ಜೀವ ಉಳಿಸಿಕೊಂಡ. ಅಳುತ್ತ ಪ್ರವಾದಿಯವರ ಬಳಿ ಬಂದ. ನಿನ್ನ ಹೃದಯ ಹೇಗಿತ್ತು ಎಂದು ಕೇಳಿದರು ಅವರು. ನಂಬಿಕೆಯಲ್ಲೇ ನೆಮ್ಮದಿಯಾಗಿತ್ತು ಎಂದ. ಮತ್ತೆ ಹಿಂಸಿಸಿದರೆ ಮತ್ತೆ ಹಾಗೆಯೇ ಹೇಳು ಎಂದು ಕಳಿಸಿದರು. ಕುರ್‌ಆನಿನ 16ನೇ ಅಧ್ಯಾಯದ 106ನೇ ವಾಕ್ಯವನ್ನು ಈ ಪ್ರಸಂಗದ ಜೊತೆ ಓದುತ್ತಾರೆ. ಮುಂದೆ ಶಿಯಾಗಳು ಅಲ್ಪಸಂಖ್ಯಾತರಾಗಿ ಕಿರುಕುಳಕ್ಕೊಳಗಾದ ಕಡೆ ಇದು ಬೆಳೆಯಿತು. ಸ್ಪೇನಿನಲ್ಲಿ ಬಲವಂತದ ಮತಾಂತರ ನಡೆದಾಗ, 1504ರಲ್ಲಿ ಅಲ್ಲಿನ ಮುಸ್ಲಿಮರಿಗೆ ಉತ್ತರ ಆಫ್ರಿಕಾ ಮೂಲದ ಮುಫ್ತಿಯೊಬ್ಬರು ಪತ್ರ ಬರೆದು, ಹೊರಗೆ ಹೇಳಿದಂತೆ ನಡೆದುಕೊಂಡು ಒಳಗೆ ನಂಬಿಕೆ ಕಾಪಾಡಿಕೊಳ್ಳಬಹುದೆಂದು ತಿಳಿಸಿದರು. ಪೆಟ್ಟು ತಿನ್ನುತ್ತಿರುವವನ ತಲೆ ಕಾಯಲು ಹಿಡಿದ ಗುರಾಣಿ ಇದು. ಹಾಗಿದ್ದೂ ಬಿಲಾಲ್‌ರಂತೆ ಎದೆಯ ಮೇಲೆ ಬಂಡೆ ಹೇರಿದರೂ ಬದಲಾಗದೆ ದೇವರು ಒಬ್ಬನೇ ಎನ್ನುತ್ತಿದ್ದವರ ಹೆಸರನ್ನೇ ಸಮುದಾಯ ಹೆಚ್ಚು ಪ್ರೀತಿಯಿಂದ ನೆನೆಯುತ್ತದೆ.

ನಾನೂ ಒಮ್ಮೆ ಈ ಗುರಾಣಿ ಹಿಡಿದಿದ್ದೇನೆ ಎನ್ನಬೇಕೋ ಬೇಡವೋ. ಹಾಸ್ಟೆಲ್ ಅವಧಿ ಮುಗಿದ ಮೇಲೆ ಬಾಡಿಗೆ ಕೋಣೆ ಹುಡುಕುವಾಗ ಮೂರು ಕಡೆ ಹೆಸರು ಹೇಳಿದ ಕೂಡಲೇ ಕೋಣೆ ಖಾಲಿಯಿಲ್ಲ ಎಂದರು. ನಾಲ್ಕನೇ ಕಡೆ ನನ್ನ ಹೆಸರಿನ ಮೊದಲ ಎರಡಕ್ಷರ ಮಾತ್ರ ಹೇಳಿದೆ. ಗೆಳತಿಯರು ಕರೆಯುವುದೂ ಹಾಗೆಯೇ. ಆ ಎರಡಕ್ಷರಕ್ಕೆ ಯಾವ ಧರ್ಮವೂ ಇಲ್ಲ. ಶಅಬಿಯ ವೃತ್ತದೊಳಗೆ ಬೆರಳಿಟ್ಟಂತೆ. ಮನೆಯೊಡತಿ ವಯಸ್ಸಾದವರು, ಗುರುತಿನ ಚೀಟಿ ಕೇಳಲಿಲ್ಲ. ನಾಲ್ಕು ತಿಂಗಳಿದ್ದೆ. ಸಂಜೆ ಸಂಜೆ ಕರೆದು ಕಾಫಿ ಕೊಡುತ್ತಿದ್ದರು. ರಂಜಾನ್ ಬಂತು. ಉಪವಾಸ ಹಿಡಿದಿದ್ದರಿಂದ ಕಾಫಿ ಬೇಡವೆಂದೆ. ಯಾಕಮ್ಮ ಎಂದರು. ಹೊಟ್ಟೆ ಸರಿಯಿಲ್ಲ ಎಂದೆ. ಅವರು ಒಳಗೆ ಹೋಗಿ ಜೀರಿಗೆ ಕುದಿಸಿ ತಂದು ಕೈಗಿತ್ತರು. ಮೊದಲು ಹೇಳಿದ ಎರಡಕ್ಷರ ಸುಳ್ಳಾಗಿರಲಿಲ್ಲ, ಈಗ ಹೇಳಿದ್ದು ಅಪ್ಪಟ ಸುಳ್ಳು. ಮೊದಲನೆಯದನ್ನು ಮೂರು ಮುಚ್ಚಿದ ಬಾಗಿಲುಗಳು ಹೇಳಿಸಿದವು ಅನ್ನಬಹುದು. ಎರಡನೆಯದನ್ನು ಯಾರು ಹೇಳಿಸಿದರು? ಆ ಲೋಟವನ್ನು ಕೋಣೆಯಲ್ಲಿ ಮಗ್ರಿಬ್‌ವರೆಗೆ ಮುಚ್ಚಿಟ್ಟು ಆಮೇಲೆ ಕುಡಿದೆ. ಮುಂದಿನ ವಾರ ಅವರಿಗೆ ಪೂರ್ತಿ ಹೆಸರು ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಬಾರದಿತ್ತಾ” ಎಂದರು. ಮೊದಲೇ ಹೇಳಿದ್ದರೆ ಕೋಣೆ ಕೊಡುತ್ತಿದ್ದಿರಾ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ರಾಜಿಯ ಸುಳ್ಳಿಗೂ ನನ್ನ ಕೋಣೆಯ ಸುಳ್ಳಿಗೂ ವ್ಯತ್ಯಾಸ ಏನೆಂದು ಆಗ ಯೋಚಿಸಿದ್ದೆ. ಅಮ್ಮಿಗೆ ಹೇಳಿದ್ದರಲ್ಲಿ ನನಗೇನೂ ಸಿಗಬೇಕಿರಲಿಲ್ಲ, ಹಾಗಾಗಿ ಅದು ನಿರಾಳ ಎಂದುಕೊಂಡಿದ್ದೆ. ಗಝಾಲಿಯೂ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತಾರೆ. ಸ್ವಂತ ಲಾಭದ ಪ್ರಶ್ನೆ ಬಂದಾಗ ಲಾಭ ಬಿಟ್ಟು ನಿಜ ಹಿಡಿಯುವುದು ಲೇಸು, ಇನ್ನೊಬ್ಬರ ಹಿತದ ಪ್ರಶ್ನೆಯಾದರೆ ಬಿಟ್ಟುಕೊಡಲು ನಾವು ಯಾರು? ಇದರ ಜೊತೆಗೇ ಅವರದೊಂದು ಎಚ್ಚರಿಕೆಯಿದೆ. ಈ ಬಾಗಿಲು ಒಮ್ಮೆ ತೆರೆದರೆ ಅಗತ್ಯವಿಲ್ಲದ ಕಡೆಗೂ ಕಾಲು ಹೋಗುತ್ತದೆ, ಆದ್ದರಿಂದ ಪ್ರತಿ ಸಲವೂ ತೂಗಿ ನೋಡಬೇಕು. ಮೊದಲ ಓದಿನಲ್ಲಿ ಇದನ್ನು ನಾನು ಬೇಗ ದಾಟಿಹೋಗಿದ್ದೆ.

ಹೋದ ವರ್ಷ ಖಾಲಾಳಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಯಿತು. ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಅವಳ ಜೊತೆ ನಾನಿದ್ದೆ. ದೊಡ್ಡ ಆಪರೇಷನ್ನೇನೂ ಅಲ್ಲ, ಆದರೂ ಅವಳಿಗೆ ಹೆದರಿಕೆ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅಂದಳು: “ನಿನ್ನ ಅಮ್ಮಿಗೆ ಹೇಳು. ಆ ಬಳೆ ನಾನೇ ಕೇಳಿ ಹಾಕಿಸಿಕೊಂಡದ್ದು. ಹಾಗೆ ಮಾಡಬಾರದಿತ್ತು.”

ಮಾರನೇ ದಿನ ಎಲ್ಲ ಸುಸೂತ್ರವಾಗಿ ಮುಗಿದ ಮೇಲೆ ಹರಿಹರಕ್ಕೆ ಹೋಗಿ ಅಮ್ಮಿಗೆ ಹೇಳಿದೆ. ನಾಲ್ಕು ವರ್ಷ ಅವಳು ಕಾದಿದ್ದ ಮಾತು ಅದು. ಅಮ್ಮಿ ಕೇಳಿ ನಕ್ಕಳು. ನನ್ನ ಗಲ್ಲ ತಟ್ಟಿ, “ಇದೂ ನಿನ್ನದೇ ಮಾತು, ಅಲ್ವಾ? ಮಂಡಿನೋವಿನ ಹಾಗೆ” ಎಂದಳು. ಖಾಲಾ ಯಾವಾಗಲೋ ಮಂಡಿನೋವಿನ ಗುಟ್ಟು ಅವಳಿಗೆ ಹೇಳಿಬಿಟ್ಟಿದ್ದಳಂತೆ, ಇಬ್ಬರೂ ಸೇರಿ ನಕ್ಕಿದ್ದರಂತೆ. “ಇಲ್ಲ ಅಮ್ಮಿ, ಇದು ನಿಜ, ಖುದಾ ಕಸಮ್” ಎಂದೆ. “ಆಯ್ತು ಬಿಡು, ನೀನು ಒಳ್ಳೆಯದಕ್ಕೇ ಹೇಳೋದು” ಎಂದು ಒಳಗೆ ಹೋದಳು.

ನಾನು ಅಲ್ಲೇ ನಿಂತೆ. ಅನುಮತಿ ಇದ್ದ ಸುಳ್ಳು ಹೇಳಿದ್ದೆ, ಒಳ್ಳೆಯ ಫಲವೂ ಸಿಕ್ಕಿತ್ತು, ಯಾರ ಹಕ್ಕನ್ನೂ ಕಸಿದಿರಲಿಲ್ಲ. ಆದರೆ ಅದರ ಬೆಲೆಯನ್ನು ಈಗ ಈ ನಿಜದ ಮಾತು ತೆರುತ್ತಿತ್ತು. ನನ್ನ ಬಾಯಿಂದ ಬರುವ ಯಾವ ಒಳ್ಳೆಯ ಮಾತೂ ಅಮ್ಮಿಗೆ ಇನ್ನು ಮುಂದೆ ಪ್ರೀತಿಯ ಸುಳ್ಳಾಗಿಯೇ ಕೇಳಿಸುತ್ತದೆ. ಖಾಲಿ ಮುಷ್ಟಿಯಿಂದ ಕರೆದ ಮಗು ಎರಡನೇ ಸಲ ಬರುವುದಿಲ್ಲ. ರಿಯಾಯಿತಿ ಎಂದರೆ ಶಿಕ್ಷೆ ಮನ್ನಾ ಅಷ್ಟೇ. ಆದ ಖರ್ಚು ಮನ್ನಾ ಆಗುವುದಿಲ್ಲ, ಅದನ್ನು ಹೇಳಿದವರೇ ಭರಿಸಬೇಕು. ಅಷ್ಟು ಸಿದ್ಧವಿದ್ದವರಿಗೆ ಮಾತ್ರ ಅದು ಸಲ್ಲುತ್ತದೆ ಎಂದು ಈಗ ನನಗೆ ಅನ್ನಿಸುತ್ತದೆ. ಮಂಡಿನೋವಿನ ಸುಳ್ಳನ್ನು ಮತ್ತೆ ಹೇಳುತ್ತೀಯಾ ಎಂದರೆ ಹೇಳುತ್ತೇನೆ. ಆದರೆ ಅವತ್ತಿನಷ್ಟು ಹಗುರಾಗಿ ಹೇಳಲಾರೆ.

ಅವತ್ತು ರಾತ್ರಿಯೇ ಖಾಲಾಳಿಗೆ ಫೋನ್ ಮಾಡಿದೆ. “ನೀನು ಹೇಳಿದ್ದು ನನ್ನ ಬಾಯಲ್ಲಿ ಸುಳ್ಳಾಗುತ್ತಿದೆ. ನೀನೇ ಹೇಳು” ಎಂದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, ಅಮ್ಮಿಗೆ ಕೊಡು ಎಂದಳು. ಫೋನನ್ನು ಅಮ್ಮಿಯ ಕೈಗೆ ಕೊಟ್ಟು ನಾನು ಅಂಗಳಕ್ಕೆ ಹೋದೆ. ಒಳಗಿಂದ ಮಾತು ಕೇಳಿಸಲಿಲ್ಲ. ಅರ್ಧ ಗಂಟೆಯ ಮೇಲೆ ಅಮ್ಮಿ ಹೊರಗೆ ಬಂದು ಫೋನ್ ವಾಪಸು ಕೊಟ್ಟಳು. ಅವಳ ಕಣ್ಣು ಕೆಂಪಾಗಿತ್ತು. “ನೀನು ನಿಜವೇ ಹೇಳಿದ್ದೆ” ಎಂದಳು.

ಕ್ಯಾಂಟೀನಿನ ಹುಡುಗನನ್ನು ಮೂರು ದಿನದ ಮೇಲೆ ಗ್ರಂಥಾಲಯದಲ್ಲಿ ಹಿಡಿದೆ. “ಅವತ್ತು ನೀನು ಕೇಳಿದ್ದಕ್ಕೆ ಇಲ್ಲ ಅಂದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಟೈಮಿದೆಯಾ?” ಎಂದೆ. ಇದೆ ಎಂದ. ಮತ್ತೆ ಕ್ಯಾಂಟೀನಿಗೆ ಹೋದೆವು. ಎರಡು ಚಹಾ ಆದರೂ ನನ್ನ ಮಾತು ಮುಗಿದಿರಲಿಲ್ಲ. ಮೂರನೆಯದಕ್ಕೆ ದುಡ್ಡು ಅವನೇ ಕೊಟ್ಟ. “ಊಟ ಆಯ್ತಾ ಅಕ್ಕಾ?” ಎಂದು ಕೇಳಿದ. ಇಲ್ಲ ಎಂದೆ.